ಟ್ಯಾಂಕು ತುಂಬಿ ಹರಿದ ಮಾತು

ನಮ್ಮೂರಿನ ಬೀದಿ ದೀಪ ಹತ್ತಿಸುವ ಕೆಲಸ ನನ್ನದಾಗಿತ್ತು. ಹೊತ್ತು ಮುಳುಗುತ್ತಿದ್ದಂತೆ ಕಂಬದಿಂದ ಕಂಬಕ್ಕೆ ಹೋಗಿ, ಕಂಬಕ್ಕೆ ಕೂರಿಸಿದ ಹಿತ್ತಾಳೆ ಕಿವಿಯೊಳಗೆ ಬಾಯಿಟ್ಟು, ಒಂದರಲ್ಲಿ ನರಿಯಂತೆ ಊಳಿಡುವುದು, ಇನ್ನೊಂದರಲ್ಲಿ ಕತ್ತೆಯಂತೆ ಅರಚುವುದು, ಮತ್ತೊಂದರಲ್ಲಿ ನಮ್ಮ ಪುರಸಭೆ ಅಧ್ಯಕ್ಷರಂತೆ ಭಾಷಣ ಬಿಗಿಯುವುದು. ಮೂರಕ್ಕೂ ದೀಪ ಒಂದೇ ಸಮ ಹತ್ತುತ್ತಿತ್ತು, ಕಿವಿಗೆ ಭೇದಭಾವವಿಲ್ಲ. ಇಂಥ ಕೆಲಸಕ್ಕೆ ಬಿ.ಎ. ಓದಬೇಕಿತ್ತೇ, ಅದೂ ತತ್ತ್ವಶಾಸ್ತ್ರದಲ್ಲಿ, ಎಂದು ನೀವು ಕೇಳಬಹುದು. ಎಂ.ಎ. ಓದಿದವನೊಬ್ಬ ಕೂಡ ಅರ್ಜಿ ಹಾಕಿದ್ದ, ಪಾಪ. ಕತ್ತೆ ಕೂಗಿನಲ್ಲಿ ಫೇಲಾದ.

ಸದ್ದಿದ್ದವರ ಮನೆಯಲ್ಲಿ ಬೆಳಕು, ಸುಮ್ಮನಿದ್ದವರ ಮನೆಯಲ್ಲಿ ಕತ್ತಲು. ಹಿತ್ತಾಳೆ ಕಿವಿಗೆ ಬಿದ್ದ ಸದ್ದೇ ಕರೆಂಟು, ನಮ್ಮೂರು ನಡೆಯುತ್ತಿದ್ದದ್ದೇ ಹಾಗೆ. ಆದ್ದರಿಂದ ನಮ್ಮಲ್ಲಿ ಜಗಳಗಂಟಿ ಸೊಸೆಗೆ ಬೇಡಿಕೆ ಜಾಸ್ತಿ. ಆಸ್ಪತ್ರೆಯಲ್ಲಿ ಹೆರಿಗೆ ಕೋಣೆಯ ಗೋಡೆಗೆ ಅಂಟಿಕೊಂಡೇ ಆಪರೇಷನ್ ಕೋಣೆ ಇತ್ತು. ಆ ಕಡೆ ಕೂಸು ಅತ್ತರೆ ಈ ಕಡೆ ಡಾಕ್ಟರಿಗೆ ಕಣ್ಣು ಕಾಣುತ್ತಿತ್ತು. ಮಗ್ಗಿ ಹೇಳುವ ಹೊತ್ತಿಗೆ ಶಾಲೆಯ ಫ್ಯಾನುಗಳು ಗಿರ್ರನೆ ತಿರುಗುತ್ತಿದ್ದವು, ಪರೀಕ್ಷೆಯ ಹೊತ್ತಿಗೆ ನಿಂತುಬಿಡುತ್ತಿದ್ದವು. ಟಾಕೀಸಿನಲ್ಲಿ ನಾಯಕಿ ಮೌನವಾಗಿ ಕಣ್ಣೀರಿಟ್ಟರೆ ಪರದೆಯೇ ಆರಿಹೋಗುತ್ತಿತ್ತು. ಹಾಗಾಗಬಾರದೆಂದು ಜನ ಅಂಥ ಕಡೆಯಲ್ಲೆಲ್ಲ ಶಿಳ್ಳೆ ಹೊಡೆದು, ಚಪ್ಪಾಳೆ ತಟ್ಟಿ ಅವಳನ್ನು ಅಳಿಸುತ್ತಿದ್ದರು. ಪರವೂರಿನವರು ಇದನ್ನು ನೋಡಿ ನಮ್ಮನ್ನು ಕಟುಕರು ಅಂದುಕೊಂಡಿದ್ದರೆ ಅದರಲ್ಲಿ ನಮ್ಮ ತಪ್ಪೇನೂ ಇಲ್ಲ.

ಇಂಥ ಊರಿನಲ್ಲಿ ನಾನು, ಅಂದರೆ ತಿಪ್ಪೇಸ್ವಾಮಿ, ಊರ ಬಾಯಲ್ಲಿ ತಿಪ್ಪೇಶಿ, ಮದುವೆಯಾದದ್ದು ಸರ್ವಮಂಗಳ ಎಂಬ ಹೆಣ್ಣನ್ನು. ಹೆಣ್ಣು ನೋಡಲು ಹೋದಾಗ ಪದ್ಧತಿಯಂತೆ ಅವಳನ್ನು ಗೋಡೆಯ ಹಿತ್ತಾಳೆ ಕಿವಿಯ ಮುಂದೆ ಕೂರಿಸಿ ಹೆಸರು ಹೇಳು ಎಂದರು. ಹೇಳಿದಳು. ಬಲ್ಬು ಹತ್ತಲಿಲ್ಲ, ಒಳಗಿನ ತಂತಿ ಕೆಂಪಗಾಗಿ ನಾಚಿಕೊಂಡಿತು, ಅಷ್ಟೆ. ಅವರಪ್ಪ ತಲೆ ತಗ್ಗಿಸಿದರು. ನಮ್ಮವ್ವ ಮಾತ್ರ, "ಬಿಡ್ರೀ ಬೀಗರೇ, ನಮ್ಮ ತಿಪ್ಪೇಶಿ ಬಾಯಿ ಇದೆಯಲ್ಲ, ಎರಡು ಮನೆಗಾಗಿ ಮಿಗುತ್ತೆ" ಅಂದಳು. ನನ್ನ ಜೀವನದಲ್ಲಿ ನನ್ನ ಬಾಯಿಂದ ಆದ ಲಾಭ ಅದೊಂದೇ. ಉಳಿದದ್ದೆಲ್ಲ ಕರೆಂಟು.

ಮದುವೆಯಾದ ಮೇಲೆ ನಮ್ಮ ಮನೆ ಬೀದಿಗೇ ಹೆಚ್ಚು ಬೆಳಗುವ ಮನೆಯಾಯಿತು. ಬಾಗಿಲು ತೆಗೆಯುತ್ತ ಶುರು ಮಾಡಿದರೆ ಹಾಸಿಗೆಗೆ ಬೀಳುವವರೆಗೂ ನನ್ನ ಪ್ರದರ್ಶನ. ಉಪ್ಪಿಟ್ಟು ತಿನ್ನುತ್ತ ಅಧ್ಯಕ್ಷರಾಗುತ್ತಿದ್ದೆ, ಕೈ ತೊಳೆಯುತ್ತ ಅವರ ಹೆಂಡತಿಯಾಗುತ್ತಿದ್ದೆ. ಮಂಗಳಾ ನಗುತ್ತಿದ್ದಳು. ನಡುನಡುವೆ "ರೀ, ಒಂದ್ಮಾತು" ಎನ್ನುತ್ತಿದ್ದಳು. "ಒಂದ್ನಿಮಿಷ ತಡಿ, ಇದನ್ನ ಕೇಳು" ಎಂದು ನಾನು ಮುಂದಿನ ದನಿಗೆ ಹಾರುತ್ತಿದ್ದೆ. ಆ ನಿಮಿಷ ಮುಗಿದದ್ದು ನನಗೆ ನೆನಪಿಲ್ಲ.

ಆ ವರ್ಷ ಬೇಸಿಗೆಗೆ ಮುಂಚೆ ಒಂದು ಸಂಜೆ ಬೇಗ ಮನೆಗೆ ಬಂದೆ. ಹಿತ್ತಲಿನಲ್ಲಿ ಮಂಗಳಾ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ತನ್ನಷ್ಟಕ್ಕೆ ಮಾತಾಡುತ್ತಿದ್ದಳು. ಎದುರಿಗೆ ಯಾರೂ ಇರಲಿಲ್ಲ. ಹೇಳುವುದು, ನಿಲ್ಲಿಸುವುದು, "ಅಲ್ಲ, ಹಿಂಗೆ ಬ್ಯಾಡ" ಎನ್ನುವುದು, ಸೆರಗಿನ ತುದಿ ತಿರುಚುವುದು, ಮತ್ತೆ ಮೊದಲಿಂದ ಶುರು ಮಾಡುವುದು. ನಾನು ಬಾಗಿಲ ಸಂದಿಯಲ್ಲಿ ನಿಂತು ಮೈಯೆಲ್ಲ ಕಿವಿಯಾಗಿ ಕೇಳಿದೆ. ಆಹಾ, ಏನು ಇಳಿತ, ಏನು ತಡೆತ, ವಾಕ್ಯದ ಕೊನೆಗೆ ದನಿ ಒಳಗೆ ಜಾರುವ ಪರಿ! ಪೂರ್ತಿ ಹಿಡಿದುಕೊಂಡೆ. ದನಿಯನ್ನು, ಮಾತನ್ನಲ್ಲ. ಅಣಕಿಸುವವರ ಕಸುಬೇ ಅಂಥದ್ದು: ಬಾಳೆಹಣ್ಣು ಎಸೆದು ಸಿಪ್ಪೆಯನ್ನು ಜೋಪಾನವಾಗಿ ಮನೆಗೆ ತರುವುದು.

ಸಿಪ್ಪೆಯನ್ನು ನಾನು ಟ್ಯಾಂಕಿನ ದಿನ ಹೊರತೆಗೆದೆ. ಬೇಸಿಗೆ ಶುರುವಾಗುವ ಮುನ್ನ ಊರವರೆಲ್ಲ ನೀರಿನ ಟ್ಯಾಂಕಿನ ಬುಡದಲ್ಲಿ ಸೇರಿ, ಬಾವಿಯಷ್ಟು ಅಗಲದ ದೊಡ್ಡ ಕಿವಿಯ ಮುಂದೆ ಸದ್ದು ಮಾಡಿ ಪಂಪು ಓಡಿಸಬೇಕು. ಕೂಗಿಗಿಂತ ನಗುವಿಗೆ ನೀರು ಬೇಗ ಏರುತ್ತದೆಂದು ಯಾರೋ ಕಂಡುಕೊಂಡಿದ್ದರಿಂದ, ಅಲ್ಲಿ ಒಂದು ಅಟ್ಟಣಿಗೆ ಕಟ್ಟಿ ನನ್ನಂಥವರನ್ನು ಹತ್ತಿಸುತ್ತಿದ್ದರು. ಅಧ್ಯಕ್ಷರನ್ನು ಮಾಡಿದೆ, ನೀರು ಅರ್ಧಕ್ಕೆ ಬಂತು. ನಮ್ಮ ಪಕ್ಕದ ಮನೆಯ ಓಂಕಾರಮ್ಮನನ್ನು ಮಾಡಿದೆ, ಮುಕ್ಕಾಲಿಗೆ ಬಂತು. ಕೊನೆಗೆ ಭುಜದ ಟವೆಲನ್ನು ಸೆರಗಿನಂತೆ ಹೊದ್ದು, ತುದಿ ತಿರುಚುತ್ತ, "ರೀ, ಒಂದ್ಮಾತು" ಎಂದು ಮಂಗಳಾಳ ದನಿ ತೆಗೆದೆ. ಹಿತ್ತಲಲ್ಲಿ ಕೇಳಿದ್ದನ್ನು ಗಿಳಿಯಂತೆ ಒಂದಕ್ಷರ ಬಿಡದೆ ಒಪ್ಪಿಸಿದೆ. ಮೊದಲು ಜನ ಸುಮ್ಮನೆ ಕೇಳಿದರು. ಕೊನೆಯ ಮಾತಿಗೆ ಮಾತ್ರ ಇಡೀ ಮೈದಾನ ಬಿದ್ದು ಬಿದ್ದು ನಕ್ಕಿತು. ಟ್ಯಾಂಕು ತುಂಬಿ ಮೇಲಿಂದ ಸುರಿದು ಅಧ್ಯಕ್ಷರ ಪೇಟ ತೊಯ್ದುಹೋಯಿತು. ನನಗೆ ಸ್ಟೀಲ್ ಬಕೆಟ್ಟು ಬಹುಮಾನ ಬಂತು. ಅದನ್ನು ಎತ್ತಿ ತೋರಿಸುವಾಗ, ಹೆಂಗಸರ ಸಾಲಿನಲ್ಲಿ ನಿಂತಿದ್ದ ಮಂಗಳಾಳ ಮುಖ ಕಂಡಿತು. ಅವಳೊಬ್ಬಳು ನಗುತ್ತಿರಲಿಲ್ಲ. ಗಂಡನ ಕೀರ್ತಿಗೆ ದೃಷ್ಟಿಯಾದೀತೆಂದು ನಗುತ್ತಿಲ್ಲ ಎಂದುಕೊಂಡೆ. ನನ್ನ ಬುದ್ಧಿ ಆ ಬಕೆಟ್ಟಿನಷ್ಟೇ ಖಾಲಿಯಾಗಿತ್ತು.

ಆ ದಿನವೇ ಅವಳು ನನ್ನೊಂದಿಗಿನ ಮಾತಿಗೆ ಮಂಗಳ ಹಾಡಿದಳು. ಊಟ ಬಡಿಸುತ್ತಿದ್ದಳು, ನೀರು ಕಾಯಿಸುತ್ತಿದ್ದಳು, ಮಾತಿಲ್ಲ. ನಕ್ಕಾಳೆಂದು ಹೊಸ ಹೊಸ ದನಿ ತೆಗೆದೆ, ಯಾವುದಕ್ಕೂ ಪ್ರತಿಯಿಲ್ಲ. ಒದರಿ ಒದರಿ ನನ್ನ ಗಂಟಲೂ ಕಟ್ಟಿತು. ಬಲ್ಬು ಮಂಕಾಯಿತು. ಮರುದಿನ ಕತ್ತಲೇ ಆಯಿತು.

ಕತ್ತಲೆಗೆ ನಾನು ಹೆದರುವವನಲ್ಲ. ಹೆದರಿದ್ದು ಓಂಕಾರಮ್ಮನಿಗೆ. ನಮ್ಮೂರಲ್ಲಿ 'ದನಿ ಇಡುವುದು' ಎಂಬ ಪದ್ಧತಿಯಿದೆ. ಯಾವುದೇ ಮನೆ ಮೂರು ಸಂಜೆ ಕತ್ತಲಾಗಿದ್ದರೆ ಅಕ್ಕಪಕ್ಕದವರು ಹೇಳದೆ ಕೇಳದೆ ಒಳಗೆ ಬಂದು, ನಡುಮನೆಯಲ್ಲಿ ಚಾಪೆ ಹಾಸಿ ಕೂತು, ಬೆಳಕು ಬರುವವರೆಗೆ ಜೋರಾಗಿ ಮಾತಾಡಬೇಕು. ಸಾವಿನ ಮನೆಗೆ ಅದು ದೊಡ್ಡ ಆಸರೆ. ಗಂಡ ಹೆಂಡಿರು ಮಾತು ಬಿಟ್ಟ ಮನೆಗೆ ಬಂದರೆ ಅವರು ಮಾತಾಡುವುದು ಇನ್ನಾವುದರ ಬಗ್ಗೆ? ಓಂಕಾರಮ್ಮ ನಮ್ಮ ಸಂಸಾರವನ್ನು ನಮ್ಮ ಬಲ್ಬಿನ ಕೆಳಗೇ ಬಿಡಿಸಿ ಹರಡುವ ಚಿತ್ರ ಕಣ್ಣಿಗೆ ಕಟ್ಟಿತು.

ಮೂರನೆಯ ಸಂಜೆ ಬಾಗಿಲು ಹಾಕಿ, ಜೇನುತುಪ್ಪ ನೆಕ್ಕಿ, ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ.

"ಮಂಗಳಾ, ಉಪ್ಪಿಟ್ಟು ಭಾರಿ ಆಗಿದೆ ಕಣೇ!" ಇದು ನನ್ನ ದನಿ.

"ಇನ್ನೊಂಚೂರು ಹಾಕ್ಲಾ ರೀ? ನಿಮ್ಮಂಥೋರು ಇರುವಾಗ ಮಾಡೋಕೂ ಹುಮ್ಮಸ್ಸು." ಇದೂ ನಾನೇ, ಅವಳ ದನಿಯನ್ನು ಸ್ವಲ್ಪ ದಪ್ಪ ಮಾಡಿ, ಬಲ್ಬಿಗೆ ತಾಗುವಷ್ಟು.

ಮನೆ ಝಗ್ಗನೆ ಹತ್ತಿಕೊಂಡಿತು. ಆ ಬೆಳಕಿನಲ್ಲಿ ನಿಜವಾದ ಮಂಗಳಾ ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದಳು. ತಲೆಯೆತ್ತಿ ನನ್ನನ್ನು ನೋಡಿದಳು. ಒಂದು ಎಸಳು ಕೈಜಾರಿ ಬಿತ್ತು. ಮತ್ತೆ ತಲೆ ತಗ್ಗಿಸಿದಳು.

ಆಮೇಲೆ ದಿನವೂ ಅದೇ ನಾಟಕ. ಹೇಳಲು ನಾಚಿಕೆಯಾಗುತ್ತದೆ, ಆದರೆ ನಾನು ಮಾಡಿದ ಆ ಮಂಗಳಾ ನನಗೆ ಹಿಡಿಸತೊಡಗಿದಳು. ನಾನು ಹೇಳಿದ್ದಕ್ಕೆಲ್ಲ "ಹೌದು ರೀ" ಎನ್ನುತ್ತಿದ್ದಳು. ನನ್ನ ಜೋಕು ಮುಗಿಯುವ ಮುಂಚೆಯೇ ನಗುತ್ತಿದ್ದಳು. ಬಕೆಟ್ಟು ಬಹುಮಾನ ಬಂದದ್ದನ್ನು ಅವಳೇ ಎತ್ತಿ ಎತ್ತಿ ಹೊಗಳುತ್ತಿದ್ದಳು. ಮೂಲೆಯಲ್ಲಿ ಇನ್ನೊಬ್ಬಳು ಹಳೆಯ ಟ್ರಂಕಿನ ಧೂಳು ಒರೆಸುತ್ತ ಕೂತಿದ್ದನ್ನು ನಾನು ನೋಡಿದ್ದೆ. ಟ್ರಂಕಿಗೂ ಧೂಳಿಗೂ ಇರುವ ಸಹಜ ಸಂಬಂಧವೆಂದು ಬಿಟ್ಟುಬಿಟ್ಟೆ.

ಆ ದಿನಗಳಲ್ಲಿ ಊರವರು ನನ್ನೊಡನೆ ವಿಚಿತ್ರವಾಗಿ ನಡೆದುಕೊಳ್ಳುತ್ತಿದ್ದರು. ಚಹಾದಂಗಡಿಯ ರೇವಣ್ಣ ಲೋಟ ಮುಂದಿಡುತ್ತ, "ಮುಂದೆ ಹೆಂಗಪ್ಪಾ ತಿಪ್ಪೇಶಿ?" ಎಂದ.

"ಮುಂದೆ ಇನ್ನೂ ಜೋರು ರೇವಣ್ಣ. ಮುಂದಿನ ವರ್ಷ ನಿನ್ನನ್ನೇ ಮಾಡ್ತೀನಿ ನೋಡ್ತಿರು."

"ಅದಲ್ಲ ಮಾರಾಯ, ಊಟಗೀಟಕ್ಕೆ?"

"ಊಟಕ್ಕೇನಣ್ಣ, ಮನೇಲಿ ಅವಳಿದಾಳಲ್ಲ."

ರೇವಣ್ಣ ನನ್ನನ್ನು ಒಂದು ಥರ ನೋಡಿ, ಕೇಳದೆಯೇ ತಟ್ಟೆಗೆ ಇನ್ನೊಂದು ವಡೆ ಹಾಕಿದ. ಕಲಾವಿದನಿಗೆ ಸಂದ ಗೌರವವೆಂದು ತಿಂದೆ. ಓಂಕಾರಮ್ಮ ಕೂಡ ಬೇಲಿಯಾಚೆಯಿಂದ, "ಹೋಗಿಬರಲಿ ಬಿಡಪ್ಪಾ, ಹೆಣ್ಣುಮಕ್ಕಳಿಗೂ ನಾಕು ಊರು ನೋಡಬೇಕು ಅಂತ ಇರಲ್ವಾ" ಎಂದಳು. ಯಾರೋ ಯಾತ್ರೆ ಹೊರಟಿರಬೇಕೆಂದು, "ಹೌದಮ್ಮಾ, ದೇವರು ಒಳ್ಳೇದು ಮಾಡ್ಲಿ" ಎಂದೆ. ಓಂಕಾರಮ್ಮನಂಥ ಓಂಕಾರಮ್ಮನೇ ಮಾತು ನಿಲ್ಲಿಸಿ ಬಾಯಿ ತೆರೆದು ನಿಂತಳು. ಅವಳ ಅಂಗಳದ ದೀಪ ಆರಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಶನಿವಾರ ಮುಸ್ಸಂಜೆ. ನಮ್ಮ ನಾಟಕ ರಂಗೇರಿತ್ತು. ನಾನು ಮಂಗಳಾಳ ದನಿಯಲ್ಲಿ, ಮೆಚ್ಚುಗೆಯಿಂದ ಒದ್ದೆಯಾಗಿ, "ನಿಮ್ಮನ್ನ ಬಿಟ್ಟು ನಾನೆಲ್ಲಿಗೆ ಹೋಗ್ಲಿ ರೀ? ಈ ಮನೆ ಹೊಸಿಲು ದಾಟಲ್ಲ ನಾನು" ಎನ್ನುತ್ತಿದ್ದೆ. ಬಾಗಿಲು ಬಡಿದ ಸದ್ದಾಯಿತು. ಮಂಗಳಾ ಎದ್ದು ತೆಗೆದಳು.

ನಿಂತಿದ್ದವರು ಹಲೀಮಾ ಮೇಡಂ. ಘಾಟಿಯ ಮೇಲಿನ ಜಲಪಾತದ ಹತ್ತಿರ ದೊಡ್ಡ ಕರೆಂಟು ಸ್ಟೇಷನ್ನಿದೆ. ಬೀಳುವ ನೀರಿನ ಸದ್ದನ್ನು ಹಿಡಿಯುವ, ಮನೆಯಷ್ಟೆತ್ತರದ ಕಿವಿಗಳು ಅಲ್ಲಿವೆ. ಅದರ ಇಂಜಿನಿಯರ್ ಅವರು. ಆಗಾಗ ಊರಿಗೆ ಬಂದು ಕೆಟ್ಟ ಕಿವಿಗಳನ್ನು ತಪಾಸಣೆ ಮಾಡುವುದು ನನಗೆ ಗೊತ್ತಿತ್ತು. ನಮ್ಮ ಮನೆಗೆ ಯಾಕೆ ಬಂದರೆಂದು ಗೊತ್ತಿರಲಿಲ್ಲ.

"ಏನ್ ಸರ್ವಮಂಗಳ, ಹೊಸಿಲು ದಾಟಲ್ಲ ಅಂತಿದ್ರಲ್ಲ, ನಾನೇ ಕೇಳಿಸ್ಕೊಂಡೆ" ಎಂದರು ಮೇಡಂ. ಮುಖ ಸಪ್ಪಗಾಗಿತ್ತು. "ಮನಸ್ಸು ಬದಲಾಯಿಸಿದ್ರೆ ಈಗ್ಲೇ ಹೇಳ್ಬಿಡಿ. ನಿಮ್ಮ ಜಾಗಕ್ಕೆ ಬೇರೆಯವರನ್ನ ಕರ್ಕೋತೀನಿ."

ಎಷ್ಟೋ ದಿನದ ಮೇಲೆ ಮಂಗಳಾಳ ನಿಜವಾದ ದನಿ ನಮ್ಮ ಮನೆಯಲ್ಲಿ ಕೇಳಿತು. "ಅದು ನಾನಲ್ಲ ಮೇಡಂ. ನಾನು ಬರ್ತೀನಿ."

ಮೇಡಂ ಒಳಗೆ ಇಣುಕಿದರು. ನಡುಮನೆಯಲ್ಲಿ ಸೆರಗಿನ ಹಾಗೆ ಟವೆಲು ಹೊದ್ದು ನಿಂತಿದ್ದ ನಾನು ಅವರ ಕಣ್ಣಿಗೆ ಬಿದ್ದೆ. ಟವೆಲಿನ ಬಗ್ಗೆ ಕೇಳಲಿಲ್ಲ; ಓದಿದವರು. "ಮನೇಲಿ ಹೇಳಿದ್ದೀರಿ ತಾನೆ?" ಎಂದರು, ಅನುಮಾನದಿಂದ.

"ನಾನು ಹೇಳೋಕೆ ಮುಂಚೆ ಇವರೇ ಊರಿಗೆಲ್ಲ ಹೇಳಿದಾರೆ" ಎಂದಳು ಮಂಗಳಾ.

"ಹಾಗಾದ್ರೆ ಸೋಮವಾರ ಬೆಳಗಿನ ಬಸ್ಸು" ಎಂದು ಮೇಡಂ ಹೊರಟರು. ಮಂಗಳಾ ಅಡುಗೆಮನೆಗೆ ಹೋದಳು. ಸದ್ದಡಗಿ ಬಲ್ಬು ಆರಿತು.

ನಾನು ಕತ್ತಲಲ್ಲಿ ನಿಂತೆ. ಊರಿಗೆಲ್ಲ ನಾನು ಹೇಳಿದ್ದೇನು? ಹೇಳಿದ್ದರೆ ನನಗೇಕೆ ಗೊತ್ತಿಲ್ಲ? ರೇವಣ್ಣ ಕೇಳದೆಯೇ ಹಾಕಿದ ವಡೆ ನೆನಪಾಯಿತು. ಕೇಳೋಣವೆಂದರೆ ಯಾರನ್ನು ಕೇಳುವುದು? 'ನನ್ನ ಹೆಂಡತಿ ಏನು ಹೇಳಿದಳೆಂದು ನಾನು ಹೇಳಿದೆನಲ್ಲ, ಅದೇನು ಸ್ವಲ್ಪ ಹೇಳಿ' ಎಂದು ಬೀದಿಯಲ್ಲಿ ವಿಚಾರಿಸುವಷ್ಟು ತತ್ತ್ವಜ್ಞಾನ ನಮ್ಮ ಕಾಲೇಜಿನಲ್ಲಿ ಕಲಿಸಿರಲಿಲ್ಲ. ಉಳಿದದ್ದು ಒಂದೇ ದಾರಿ. ಸಿಪ್ಪೆ ಇನ್ನೂ ನನ್ನ ಹತ್ತಿರವೇ ಇತ್ತು.

ಗೋಡೆಯ ಕಿವಿಯ ಮುಂದೆ ಕೂತು, ಟವೆಲಿನ ತುದಿ ತಿರುಚಿ, ಟ್ಯಾಂಕಿನ ದಿನ ಮಾಡಿದಂತೆಯೇ ಮತ್ತೆ ಮಾಡಿದೆ. ಈ ಸಲ ಅವಳ ದನಿ ಇದ್ದಷ್ಟೇ ಮೆಲ್ಲಗೆ. ಮತ್ತು ಈ ಸಲ ನನ್ನ ಬಾಯಿಂದ ಬರುತ್ತಿದ್ದದ್ದನ್ನು ನಾನೂ ಕೇಳಿಸಿಕೊಂಡೆ.

"ರೀ, ಒಂದ್ಮಾತು. ಅಲ್ಲ, ಹಿಂಗೆ ಬ್ಯಾಡ. ರೀ, ಆವತ್ತು ನಮ್ಮನೆ ಕಿವಿ ಕೆಟ್ಟಿತ್ತಲ್ಲ, ಹಲೀಮಾ ಮೇಡಂ ಬಂದಿದ್ರು. ಬಿರುಕು ಎಲ್ಲಿದೆ ಅಂತ ನಾನು ಬರೀ ಸದ್ದು ಕೇಳೇ ಹೇಳ್ದೆ. ಅವರಿಗೆ ಆಶ್ಚರ್ಯ ಆಯ್ತು. ಸ್ಟೇಷನ್ನಿಗೆ ಬಾ, ಕೆಲಸ ಕಲಿಸ್ತೀನಿ ಅಂತಾರೆ. ಅಲ್ಲೇ ಇರಬೇಕು. ನಂಗೆ ಹೋಗಬೇಕು ಅಂತಿದೆ ರೀ. ಈ ಊರಲ್ಲಿ ನನ್ನ ದನಿಗೆ ಬಲ್ಬು ಹತ್ತಲ್ಲ ಅಂತ ಎಲ್ರೂ ಅಂತಾರೆ, ನನ್ನ ಕಿವಿಯಿಂದ ಊರೇ ಬೆಳಗುತ್ತೆ ಅಂತ ಅವರೊಬ್ರೇ ಅಂದಿದ್ದು. ನೀವೂ ಬನ್ನಿ ಅಂತ ಕರೆಯೋಣ ಅಂದ್ಕೊಂಡೆ. ಆದ್ರೆ ಅಲ್ಲಿ ನೀರಿನ ಸದ್ದಿಗೆ ಯಾರ ಮಾತೂ ಯಾರಿಗೂ ಕೇಳ್ಸಲ್ವಂತೆ. ನಿಮ್ಮ ಕೈಲಿ ಆಗುತ್ತಾ ರೀ, ಬದುಕೋಕೆ?"

ಟ್ಯಾಂಕು ತುಂಬಿ ಹರಿದದ್ದು ಈ ಮಾತಿಗೆ. ಜನ ನಕ್ಕಿದ್ದು ನನ್ನ ಕಲೆಗಲ್ಲ, ನನಗೆ.

ಬಲ್ಬಿನ ತಂತಿ ಕೆಂಪಗೆ ಮಿಣುಕಿ ಆರಿತು. ಆಗ ಅಡುಗೆಮನೆಯ ಕತ್ತಲಿನಿಂದ ಗಂಡಸಿನ ಸಣ್ಣ ಕೆಮ್ಮು ಕೇಳಿತು. ಜೋಕಿಗೆ ಮುಂಚೆ, ಎಲ್ಲರೂ ಈ ಕಡೆ ನೋಡಲಿ ಎಂದು ಕೆಮ್ಮುವ ಕೆಮ್ಮು.

"ಅಯ್ಯೋ ಮಂಗಳಾ, ನಾನು ಬಂದ್ಬಿಟ್ರೆ ಬೀದಿ ದೀಪ ಹಚ್ಚೋರ್ಯಾರೇ? ಊರಿಗೆ ಊರೇ ಕತ್ತಲಾಗುತ್ತೆ! ಒಂದ್ನಿಮಿಷ ತಡಿ, ಇದನ್ನ ಕೇಳು!"

ಅದು ನಾನು. ಅಕ್ಷರಶಃ ನಾನು. ಅಷ್ಟು ಜೋರು, ಅಷ್ಟು ಬೀಗು, ವಾಕ್ಯದ ಕೊನೆಗೆ ಚಪ್ಪಾಳೆಗೆ ಕಾಯುವ ಆ ಸಣ್ಣ ಬಿಡುವು ಸಹ. ಮನೆಯ ಎಲ್ಲ ಬಲ್ಬುಗಳೂ ಒಟ್ಟಿಗೆ ಹತ್ತಿಕೊಂಡವು. ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು ಮಂಗಳಾ. ಇಷ್ಟು ದೊಡ್ಡ ದನಿಯನ್ನು ಈ ಹೆಣ್ಣು ಎಲ್ಲಿ ಬಚ್ಚಿಟ್ಟಿದ್ದಳು? ಮತ್ತು ಇಷ್ಟು ದಿನ ಇದನ್ನು ಕೇಳಿಕೊಂಡು ಒಬ್ಬರು ಹೇಗೆ ಬದುಕಿದ್ದಾರು?

ಉತ್ತರ ಕೊಡಬೇಕಿತ್ತು. ನನ್ನ ದನಿಯನ್ನು ಅವಳು ತೆಗೆದುಕೊಂಡಿದ್ದಳು. ನನಗೆ ಉಳಿದದ್ದು ಅವಳದು. "ಹೌದು ರೀ" ಎಂದು ಬಾಯಿಗೆ ಬಂತು; ನುಂಗಿದೆ. "ನೀವು ನನ್ನ ದನಿ ತಗೊಂಡ್ರಿ, ಮಾತು ಅಲ್ಲೇ ಬಿಟ್ರಿ" ಎಂದೆ, ಅವಳಾಗಿ. "ಅಷ್ಟು ಜನರ ಮುಂದೆ ನನ್ನನ್ನ ಬಕೆಟ್ಟಿಗೆ ಕೊಟ್ರಿ."

ಅವಳು ಸೌಟನ್ನು ಕೆಳಗಿಟ್ಟಳು. ಆಮೇಲೆ ನನ್ನ ದನಿಯಲ್ಲೇ, ಆದರೆ ನಾನು ಆ ದನಿಯಲ್ಲಿ ಯಾವತ್ತೂ ಹೇಳದ ಮಾತನ್ನು ಹೇಳಿದಳು: "ತಪ್ಪಾಯ್ತು ಕಣೇ."

ಬೀದಿಯಿಂದ ಓಂಕಾರಮ್ಮನ ಗಂಟಲು ಸಿಡಿಯಿತು. "ಲೇ ತಿಪ್ಪೇಶಿ! ತಪ್ಪಾಯ್ತು ಅಂದ್ಯೇನೋ? ಇಷ್ಟು ದಿನ ಒಬ್ಬನೇ ಇಬ್ಬರಾಗಿ ಒದರ್ತಿದ್ದೆ, ಇವತ್ತು ಪರವಾಗಿಲ್ಲ ಕಣೋ! ಮಂಗಳಾ ದನಿ ಇವತ್ತು ಚೆನ್ನಾಗಿ ಬಂತು. ನಿಂದೇ ಒಂಚೂರು ಜಾಸ್ತಿ ಆಯ್ತು!"

ಅಂದರೆ ಮೊದಲ ದಿನದಿಂದಲೂ ಎಲ್ಲರಿಗೂ ಗೊತ್ತಿತ್ತು. ಬೀದಿಗೆ ಬೀದಿಯೇ ಜಗಲಿಯಲ್ಲಿ ಕೂತು ದಿನವೂ ನಮ್ಮನ್ನು, ಅಂದರೆ ನನ್ನನ್ನು, ಕೇಳುತ್ತಿತ್ತು. ದನಿ ಇಡಲು ಅವರು ಬರದಿದ್ದದ್ದು ಮನೆ ಬೆಳಗಿದ್ದಕ್ಕಲ್ಲ, ನಾಟಕ ನಿಂತೀತೆಂದು.

ನಾನು ಕೇಳದ ಕ್ಷಮೆಯ ಕೀರ್ತಿ ನನ್ನ ತಲೆಗೆ ಬಂದಿತ್ತು. ಬೇರೆ ದಿನವಾಗಿದ್ದರೆ ಬಕೆಟ್ಟಿನಂತೆ ಅದನ್ನೂ ಎತ್ತಿ ತೋರಿಸುತ್ತಿದ್ದೆನೇನೋ. ಅವಳ ಹತ್ತಿರ ಹೋಗಿ ನಿಂತೆ. ಯಾರ ದನಿಯಲ್ಲಿ ಹೇಳಲಿ? ನರಿ, ಕತ್ತೆ, ಅಧ್ಯಕ್ಷರು, ಎಲ್ಲರನ್ನೂ ಪಕ್ಕಕ್ಕೆ ಸರಿಸಿದ ಮೇಲೆ ಗಂಟಲಿನ ತಳದಲ್ಲಿ ಬಡಕಲು ದನಿಯೊಂದು ಉಳಿದಿತ್ತು. ತಪ್ಪಾಯ್ತೆಂದು ಅದರಲ್ಲೇ ಹೇಳಿದೆ. ಬಲ್ಬಿನ ತಂತಿ ಕೆಂಪಗೂ ಆಗಲಿಲ್ಲ.

"ಕೇಳಿಸ್ತು" ಎಂದಳು ಮಂಗಳಾ.

"ಆ ಕೊನೇ ಪ್ರಶ್ನೆ... ನನ್ನನ್ನೂ ಕರೆಯೋದು... ಇನ್ನೂ ಇದೆಯಾ?"

"ಟ್ಯಾಂಕಿನ ದಿನದ ತನಕ ಇತ್ತು."

"ಈಗ?"

ಅವಳು ಸಾರಿನ ಪಾತ್ರೆಯ ಮುಚ್ಚಳ ಸರಿಮಾಡಿದಳು. "ಸೋಮವಾರ ಬಸ್ ಹತ್ತಿ. ಘಾಟಿ ಮುಗಿಯೋವರೆಗೂ ಸುಮ್ನೆ ಕೂತಿದ್ರೆ, ಆಮೇಲೆ ಕೇಳ್ತೀನಿ."

ನಮ್ಮೂರ ಬಸ್ಸು ಓಡುವುದು ಪ್ರಯಾಣಿಕರ ಹರಟೆಯಿಂದ ಎಂಬುದನ್ನು ನೀವು ಊಹಿಸಿರಬೇಕು. ಡ್ರೈವರ್ ಚಂದ್ರಯ್ಯ ನನ್ನನ್ನು ನೋಡಿ ಹಿಗ್ಗಿಹೋದ. "ತಿಪ್ಪೇಶಣ್ಣ ಹತ್ತಿದ ಮ್ಯಾಲೆ ಘಾಟಿ ಏನ್ ಲೆಕ್ಕ!" ಎಂದು ಇದ್ದ ಭಜನೆ ಮೇಳವನ್ನು ಕೆಳಗಿಳಿಸಿಯೇ ಬಿಟ್ಟ. ನಾನು ಟವೆಲಿನ ತುದಿ ಬಾಯಿಗೆ ತುರುಕಿಕೊಂಡು ಕೂತೆ. ಮೊದಲ ತಿರುವಿನಲ್ಲಿ ಬಸ್ಸು ಏದುಸಿರು ಬಿಟ್ಟಿತು. "ಅಣ್ಣಾ, ಒಂದು ಅಧ್ಯಕ್ಷರನ್ನಾದ್ರೂ ಬಿಡಣ್ಣ!" ಎಂದು ಚಂದ್ರಯ್ಯ ಗೋಗರೆದ. ನನ್ನೊಳಗೆ ಅಧ್ಯಕ್ಷರು ಎದ್ದು ನಿಂತು ಮೈಕು ಹುಡುಕುತ್ತಿದ್ದರು. ಟವೆಲು ಕಚ್ಚಿ ಹಿಡಿದೆ. ಎರಡನೆಯ ತಿರುವಿನಲ್ಲಿ ಬಸ್ಸು ನಿಂತೇ ಹೋಯಿತು. ಎಲ್ಲರೂ ಇಳಿದು ನನಗೆ ಬೈಯುತ್ತ ತಳ್ಳಿದರು. ನಾನೂ ತಳ್ಳಿದೆ, ಬೈಯದೆ. ಅವರ ಬೈಗುಳಕ್ಕೇ ಬಸ್ಸು ಮತ್ತೆ ಚಾಲೂ ಆಯಿತು. ಹಾಗೆ ನೋಡಿದರೆ ಆ ಘಾಟಿ ಹತ್ತಿಸಿದ್ದು ನಾನೇ.

ಮೇಲೆ ತಲುಪಿದಾಗ ಮಂಗಳಾ ನನ್ನ ಬಾಯಿಂದ ಟವೆಲನ್ನು ಎಳೆದು ತೆಗೆದಳು. ಏನೋ ಕೇಳಿದಳು. ಜಲಪಾತದ ಸದ್ದಿಗೆ ಒಂದಕ್ಷರವೂ ಕೇಳಿಸಲಿಲ್ಲ. ಆದರೆ ಆ ಮಾತು ಈಗ ನನಗೆ ಬಾಯಿಪಾಠವಾಗಿತ್ತು. ತಲೆಯಾಡಿಸಿದೆ.

ಇಲ್ಲಿಗೆ ಬಂದ ಮೇಲೆ ನನ್ನ ಬಾಯಿಗೆ ಕೆಲಸವಿಲ್ಲ. ಇದನ್ನೆಲ್ಲ ಬರೆಯುತ್ತ ಕೂತಿರುವುದು ಅದಕ್ಕೇ. ಹಿತ್ತಾಳೆ ಒರೆಸುವುದು, ಅಡುಗೆ ಮಾಡುವುದು ನನ್ನ ಪಾಲು. ಮಂಗಳಾ ದೊಡ್ಡ ಕಿವಿಗಳಿಗೆ ತಲೆಯೊರಗಿಸಿ, ಕಣ್ಣು ಮುಚ್ಚಿ, ಯಾವ ತಗಡು ಸಡಿಲವಾಗಿದೆಯೆಂದು ಬೆರಳು ತೋರಿಸುತ್ತಾಳೆ. ಊರು ಕತ್ತಲಾಗಿರಬಹುದೆಂದು ಕೆಲವು ದಿನ ನನಗೆ ನಿದ್ದೆ ಬಂದಿರಲಿಲ್ಲ. ಆಮೇಲೆ ಚಂದ್ರಯ್ಯ ಚೀಟಿಯಲ್ಲಿ ಸುದ್ದಿ ತಂದ: ನನ್ನ ಜಾಗಕ್ಕೆ ಪುರಸಭೆಯವರು ಒಂದು ಕತ್ತೆಯನ್ನು ನೇಮಿಸಿಕೊಂಡಿದ್ದಾರೆ, ದೀಪ ಮೊದಲಿಗಿಂತ ಚೆನ್ನಾಗಿ ಉರಿಯುತ್ತಿದೆ. ಅಸಲು ಬಂದ ಮೇಲೆ ನಕಲಿಗೇನು ಬೆಲೆ?

ನಿನ್ನೆ ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಹೋದಾಗ ಅವಳು ದೂರದ ಕಿವಿಯ ಹತ್ತಿರ, ನನಗೆ ಬೆನ್ನು ಹಾಕಿ ನಿಂತಿದ್ದಳು. ನಡುವೆ ಇಡೀ ಜಲಪಾತ ಗುಡುಗುತ್ತಿತ್ತು. ಚಟ ಬಿಡಬೇಕಲ್ಲ, ನಿಂತಲ್ಲೇ, ನನಗೇ ಕೇಳದಷ್ಟು ಮೆಲ್ಲಗೆ, ಆ ಕತ್ತೆಗೆ ಬುದ್ಧಿ ಹೇಳುತ್ತಿರುವ ಓಂಕಾರಮ್ಮನನ್ನು ಮಾಡಿದೆ. ಅವಳು ತಿರುಗಲಿಲ್ಲ. ಆದರೆ ಭುಜ ಕುಲುಕಿದವು, ಆಮೇಲೆ ಬೆನ್ನು, ಆಮೇಲೆ ಕಿವಿಯ ಅಂಚು ಹಿಡಿದುಕೊಂಡು ಹೊಟ್ಟೆ ಬಗ್ಗಿಸಿ ನಕ್ಕಳು. ಆ ನಗುವಿನ ಸದ್ದು ನನ್ನವರೆಗೆ ಬರಲಿಲ್ಲ. ಅದರಿಂದ ಒಂದು ಬಲ್ಬೂ ಹತ್ತಲಿಲ್ಲ. ಬುತ್ತಿ ಆರುವವರೆಗೂ ನಿಂತು ನೋಡಿದೆ.